ರೆಕ್ಕೆ ಹೊಲಿಯುವ ದಬ್ಬಣದಕ್ಕ

ಬೆಳಗಿನ ಐದೂವರೆ. ಹ್ಯಾಂಗರಿನ ದೊಡ್ಡ ತಗಡಿನ ಬಾಗಿಲು ಇನ್ನೂ ಅರ್ಧ ಮಾತ್ರ ತೆರೆದಿದೆ. ಒಳಗೆ ಹಳದಿ ಬಣ್ಣದ ಹಳೇ ಯುದ್ಧಕಾಲದ ತರಬೇತಿ ವಿಮಾನವೊಂದು ಮೂತಿ ಮೇಲೆತ್ತಿ, ಬಾಲ ನೆಲಕ್ಕೂರಿ ನಿಂತಿದೆ. ಗೋಡೆ ಬದಿಯ ಮೇಜಿನ ಮುಂದೆ ಅರವತ್ತನಾಲ್ಕು ವರ್ಷದ ಹೆಂಗಸೊಬ್ಬರು ಬಟ್ಟೆಯ ಸುರುಳಿ ಬಿಚ್ಚಿ, ಅದರ ಗೂಡುಗಳಲ್ಲಿ ಸಿಕ್ಕಿಸಿದ ಸೂಜಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಎಣಿಸುತ್ತಿದ್ದಾರೆ. ಉದ್ದನೆಯ ದಬ್ಬಣ ಆರು. ಬಾಗು ಸೂಜಿ ಐದು. ಮತ್ತೆ ಮೊದಲಿನಿಂದ. ದಬ್ಬಣ ಆರು. ಬಾಗು ಸೂಜಿ ಐದು.

ಬಾಗು ಸೂಜಿಯೂ ಆರು ಇರಬೇಕು.

ಏಪ್ರನ್ ಜೇಬು ಹೊರಳಿಸಿ ನೋಡುತ್ತಾರೆ. ದಾರದ ಡಬ್ಬಿ ಮಗುಚುತ್ತಾರೆ. ಮಂಡಿ ನೋವನ್ನೂ ಲೆಕ್ಕಿಸದೆ ನೆಲಕ್ಕೆ ಕೂತು ಮೇಜಿನ ಅಡಿಗೆ ಟಾರ್ಚ್ ಬಿಡುತ್ತಾರೆ. ಕಸಪೊರಕೆಯ ಕಡ್ಡಿ, ಒಂದು ವಾಷರ್, ಯಾರದೋ ಪೆನ್ಸಿಲ್ ತುಂಡು. ಸೂಜಿ ಇಲ್ಲ. ಎದ್ದು ನಿಂತಾಗ ಅವರ ಕಣ್ಣು ತಾನಾಗಿಯೇ ವಿಮಾನದ ಎಡಗಡೆಯ ಕೆಳರೆಕ್ಕೆಯತ್ತ ಹೋಗುತ್ತದೆ. ನಿನ್ನೆ ಸಂಜೆ ಹಚ್ಚಿದ ತೇಪೆ ಅಲ್ಲಿ ಅಂಗೈಯಷ್ಟು ಅಗಲಕ್ಕೆ ಹೊಳೆಯುತ್ತಿದೆ.

ಇನ್ನು ಎರಡೂವರೆ ಗಂಟೆಯಲ್ಲಿ ಈ ವಿಮಾನ ಹಾರಬೇಕು. ನಲವತ್ತು ವರ್ಷ ಯಾವುದೋ ಗೋದಾಮಿನಲ್ಲಿ ಇಲಿಗಳಿಗೆ ಮನೆಯಾಗಿದ್ದ ಇದನ್ನು ಸ್ವಯಂಸೇವಕರ ಗುಂಪೊಂದು ಆರು ವರ್ಷ ಬಿಡುವಿನ ದಿನಗಳನ್ನೆಲ್ಲ ಸುರಿದು ಮತ್ತೆ ಜೀವಕ್ಕೆ ತಂದಿದೆ. ಹಾರಾಟಕ್ಕೆ ಇರುವುದು ಇವತ್ತೊಂದೇ ದಿನ. ನಾಳೆಯಿಂದ ರನ್‌ವೇ ದುರಸ್ತಿಗೆಂದು ಮೂರು ತಿಂಗಳು ಮುಚ್ಚುತ್ತದೆ. ಹತ್ತು ಗಂಟೆ ದಾಟಿದರೆ ಗಾಳಿ ಏಳುತ್ತದೆ. ಪರೀಕ್ಷಕರು ನಿನ್ನೆ ಮಧ್ಯಾಹ್ನವೇ ಎಲ್ಲ ನೋಡಿ ಸಹಿ ಹಾಕಿದ್ದಾರೆ. ನಿನ್ನೆ ಸಂಜೆಯ ಸಣ್ಣ ತೇಪೆಗೆ ಬೆಳಿಗ್ಗೆ ಬಂದು ಇನ್ನೊಂದು ಸಹಿ ಹಾಕುವುದು ಮಾತ್ರ ಬಾಕಿ.

ಸೂಜಿ ಕಾಣೆಯಾಗಿರುವುದು ಈ ಹೊತ್ತಿಗೆ ಗೊತ್ತಿರುವುದು ಅವರೊಬ್ಬರಿಗೇ.

ಗುಂಪಿನಲ್ಲಿ ಅವರಿಗೆ ದಬ್ಬಣದಕ್ಕ ಎಂದೇ ಹೆಸರು. ಹೊಸಬರು ಅದನ್ನೇ ನಿಜವಾದ ಹೆಸರೆಂದು ತಿಳಿದು ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಬಿಟ್ಟಿದ್ದಾರೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆಪರೇಷನ್ ಕೋಣೆಯ ಹಸಿರು ಗೌನು, ಹೊದಿಕೆ, ಮುಖಗವಸು, ಹಾಸಿಗೆಯ ಮಗ್ಗುಲಿಗೆ ಕಟ್ಟುವ ಪಟ್ಟಿ, ಇವೇ ಅವರ ಪ್ರಪಂಚ. ವಿಮಾನವನ್ನು ಅವರು ನೋಡಿದ್ದು ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ, ತಲೆಯ ಮೇಲೆ ಹೋಗುವುದನ್ನು. ಅಷ್ಟೇ.

ಐದು ವರ್ಷದ ಹಿಂದೆ ಒಂದು ದಿನ ಅವರ ಹಳೇ ಸಹೋದ್ಯೋಗಿಯ ಗಂಡ, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಹರಕು ಬಟ್ಟೆಯೊಂದನ್ನು ಹಿಡಿದು ಮನೆಗೆ ಬಂದರು. ಈ ಗುಂಪಿನಲ್ಲಿ ಅವರೇ ಮೇಸ್ತ್ರಿ. ಬಟ್ಟೆ ವಿಮಾನದ ರೆಕ್ಕೆಯದು. "ಇಷ್ಟು ಒತ್ತಾಗಿ, ಇಷ್ಟು ಬಿಗಿಯಾಗಿ ಹೊಲಿಯೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನಕ್ಕರಂತೆ.

"ನಾನು ಅಂದೆ, ವಿಮಾನ ಅಂದ್ರೆ ಕಬ್ಬಿಣ ಅಲ್ವೇನ್ರೀ, ಬಟ್ಟೆ ಸುತ್ತಿದ ಪಲ್ಲಕ್ಕಿ ಥರ ಇದೆಯಲ್ಲ! ಇದರ ಮೇಲೆ ಕೂತ್ಕೊಂಡು ಜನ ಯುದ್ಧ ಕಲಿತ್ರಾ? ಅವರ ಎದೆಗಾರಿಕೆಗೆ ಕೈ ಮುಗಿಬೇಕು ಅಂತ."

ಹಾಗೆ ನಕ್ಕವರು ಮರುದಿನವೇ ಹ್ಯಾಂಗರಿಗೆ ಬಂದರು. ಮರದ ಪಕ್ಕೆಲುಬುಗಳು ಹೊರಗೆ ಕಾಣುತ್ತಿದ್ದ ಬೆತ್ತಲೆ ರೆಕ್ಕೆಯನ್ನು ಮುಟ್ಟಿ ನೋಡಿದರು. ಆಮೇಲೆ ತಿರುಗಿ ನೋಡಲಿಲ್ಲ.

ಕೆಲಸ ಹೀಗೆ. ರೆಕ್ಕೆಯ ಮರದ ಚೌಕಟ್ಟಿಗೆ ದಪ್ಪ ನಾರುಬಟ್ಟೆಯನ್ನು ಹೊದಿಸಬೇಕು. ರೆಕ್ಕೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ಮೇಣ ಹಚ್ಚಿದ ದಾರವನ್ನು ಮೊಳದುದ್ದದ ದಬ್ಬಣದಲ್ಲಿ ಪೋಣಿಸಿ, ಈ ಕಡೆಯಿಂದ ಆ ಕಡೆಗೆ ಚುಚ್ಚಿ, ಒಳಗಿನ ಪಕ್ಕೆಲುಬನ್ನು ಬಳಸಿ ಎಳೆದು ಗಂಟು ಹಾಕಬೇಕು. ಎರಡೂವರೆ ಅಂಗುಲಕ್ಕೊಂದು ಹೊಲಿಗೆ, ಒಂದೊಂದಕ್ಕೂ ಬೇರೆ ಗಂಟು. ಒಂದು ಕಿತ್ತರೆ ಪಕ್ಕದ್ದು ಸಡಿಲವಾಗಬಾರದು. ಮೇಲೆ ಪಟ್ಟಿ ಅಂಟಿಸಿ, ಬಟ್ಟೆಯನ್ನು ಬಿಗಿಯುವ ಘಾಟು ವಾಸನೆಯ ವಾರ್ನಿಷನ್ನು ಪದರ ಪದರವಾಗಿ ಬಳಿದರೆ ರೆಕ್ಕೆ ತಮಟೆಯಂತೆ ನಾದ ಕೊಡುತ್ತದೆ. ಒಂದು ರೆಕ್ಕೆಗೆ ನಾನೂರ ಮೂವತ್ತಾರು ಹೊಲಿಗೆ. ಇಂಥ ರೆಕ್ಕೆ ನಾಲ್ಕು, ಒಂದೊಂದು ಬದಿಗೆ ಮೇಲೊಂದು ಕೆಳಗೊಂದು. ಅಕ್ಕ ವಾರಕ್ಕೆ ಮೂರು ದಿನ ಬರುತ್ತಾರೆ. ಕೈ ಕುದುರಿದ ದಿನ ಗಂಟೆಗೆ ಇಪ್ಪತ್ತು ಹೊಲಿಗೆ, ಚಳಿಗೆ ಬೆರಳು ಮರಗಟ್ಟಿದ ದಿನ ಹನ್ನೆರಡು.

ರೆಕ್ಕೆಯ ಆಚೆ ಬದಿಯಲ್ಲಿ ನಿಂತು ದಬ್ಬಣವನ್ನು ತಿರುಗಿ ಚುಚ್ಚಿ ಕಳಿಸುವವರು ಮೇಸ್ತ್ರಿಯೇ. ನಡುವೆ ಬಟ್ಟೆಯ ಗೋಡೆ. ತಿಂಗಳುಗಟ್ಟಲೆ ಇಬ್ಬರೂ ಮುಖ ನೋಡದೆ ಮಾತಾಡಿದ್ದಾರೆ.

"ಬಂತಾ ಆ ಕಡೆ?"

"ಬಂತು ಬಂತು, ನನ್ನ ಹೆಬ್ಬೆರಳಿಗೇ ಬಂತು!"

ಹತಾರಗಳನ್ನು ಎಣಿಸುವ ಕಟ್ಟುನಿಟ್ಟನ್ನು ಹ್ಯಾಂಗರಿಗೆ ಹೊಸದಾಗಿ ಹತ್ತಿಸಿದ್ದೂ ಅಕ್ಕನೇ. ಮೊದಲ ವಾರ ಸ್ಪ್ಯಾನರುಗಳು ಎಲ್ಲೆಂದರಲ್ಲಿ ಬಿದ್ದಿರುವುದನ್ನು ನೋಡಿ ಅವರಿಗೆ ಮೈ ಉರಿಯಿತು. "ಆಪರೇಷನ್ನಲ್ಲಿ ಹೊಟ್ಟೆ ಮುಚ್ಚೋ ಮುಂಚೆ ನರ್ಸಮ್ಮ ಸೂಜಿ, ಹತ್ತಿ ಎಲ್ಲ ಎಣಿಸ್ತಾಳೆ. ಲೆಕ್ಕ ಸಿಗದೆ ದೊಡ್ಡ ಡಾಕ್ಟರ್ ಆದ್ರೂ ಕದಲೋ ಹಾಗಿಲ್ಲ. ಇದಕ್ಕೂ ಹೊಟ್ಟೆ ಇದೆ ತಾನೇ?" ಎಂದು ಗದರಿದ್ದರು. ಅಂದಿನಿಂದ ಸಂಜೆ ಬಾಗಿಲು ಹಾಕುವ ಮುಂಚೆ ಎಲ್ಲರೂ ತಮ್ಮ ತಮ್ಮ ಹತಾರ ಎಣಿಸಿ ಹೇಳಬೇಕು.

ನಿನ್ನೆ ಸಂಜೆ ಅಕ್ಕ ಎಣಿಸಲಿಲ್ಲ.

ಯಾರೋ ಏಣಿ ಸರಿಸುವಾಗ ಅದರ ಮೂಲೆ ತಾಗಿ ಕೆಳರೆಕ್ಕೆಯ ಬಟ್ಟೆ ಗೇಣುದ್ದ ಹರಿದಿತ್ತು. ಅಕ್ಕ ಎರಡು ಬಾಗು ಸೂಜಿಗಳಿಗೆ ದಾರ ಹಾಕಿಕೊಂಡು ಹೊಲಿಯಲು ಕೂತರು. ನಡುವೆ ಮಗಳ ಫೋನು. "ಅಮ್ಮಾ, ಅಪ್ಪಂಗೆ ಉಸಿರು ಕಟ್ತಾ ಇದೆ, ಪಂಪ್ ಎಲ್ಲಿಟ್ಟಿದೀಯಾ?" ಅಕ್ಕನ ಗಂಡ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಹತ್ತು ವರ್ಷದಿಂದ ಉಬ್ಬಸ. ಅಕ್ಕ ಕೈಯಲ್ಲಿದ್ದ ಸೂಜಿಯಿಂದ ಉಳಿದ ಹೊಲಿಗೆಗಳನ್ನು ಸರಸರನೆ ಮುಗಿಸಿ, ಗಂಟು ಬಿಗಿದು, ಎಲ್ಲವನ್ನೂ ಮೇಜಿನ ಮೇಲೆ ಬಿಟ್ಟು ಓಡಿದರು. ಮೇಲೆ ತೇಪೆ ಅಂಟಿಸಿ ವಾರ್ನಿಷ್ ಬಳಿದದ್ದು ಮೇಸ್ತ್ರಿ. ಮನೆ ತಲುಪುವಷ್ಟರಲ್ಲಿ ಗಂಡ ಚೇತರಿಸಿಕೊಂಡು, ದಿಂಬಿಗೊರಗಿ ಕೂತು, "ನೀನ್ಯಾಕೆ ಬಂದೆ, ನಾಳೆ ನಿನ್ನ ವಿಮಾನದ ಮದುವೆ ಅಲ್ವಾ?" ಎಂದು ಕಿಚಾಯಿಸಿದ್ದರು.

ಆ ಇನ್ನೊಂದು ಸೂಜಿ ಎಲ್ಲಿ ಹೋಯಿತು ಎಂಬ ಯೋಚನೆಯೇ ಬಂದಿರಲಿಲ್ಲ.

ಈಗ ಅಕ್ಕ ಮನೆಗೆ ಫೋನು ಮಾಡುತ್ತಾರೆ. "ರೀ, ನನ್ನ ಚೀಲ, ಸ್ವೆಟರ್ ಜೇಬು ಸ್ವಲ್ಪ ನೋಡಿ. ಒಂದು ಬಾಗು ಸೂಜಿ." ಆ ಕಡೆ ಚೀಲ ಕೊಡವುವ ಸದ್ದು. ಚಾಪೆ ಎತ್ತುವ ಸದ್ದು. ಏದುಸಿರು. "ಇಲ್ಲ ಕಣೇ, ಎಲ್ಲಾ ನೋಡ್ದೆ, ಚಪ್ಪಲಿ ಒಳಗೂ ನೋಡ್ದೆ. ಯಾಕೆ?"

"ಏನಿಲ್ಲ, ಇಡಿ."

ಹೊರಗೆ ಜನ ಸೇರುತ್ತಿರುವುದು ಕೇಳಿಸುತ್ತಿದೆ. ಯಾರೋ ಕುರ್ಚಿ ಎಳೆಯುತ್ತಿದ್ದಾರೆ. ಚಹಾದ ಪಾತ್ರೆಯ ಮುಚ್ಚಳ ಠಣ್ಣೆನ್ನುತ್ತದೆ. ಮೇಸ್ತ್ರಿ ಇವತ್ತು ಇಸ್ತ್ರಿ ಅಂಗಿ ಹಾಕಿದ್ದಾರೆ, ಎಪ್ಪತ್ತೊಂದರ ಆಸಾಮಿ ಮದುಮಗನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಸೂಜಿ ರೆಕ್ಕೆಯೊಳಗೆ ಬಿದ್ದಿದೆ ಎನ್ನುವುದಕ್ಕೆ ಸಾಕ್ಷಿ ಏನು? ಕಸದ ಜೊತೆ ಹೋಗಿರಬಹುದು. ಯಾರದೋ ಚಪ್ಪಲಿಗೆ ಚುಚ್ಚಿಕೊಂಡು ಹೋಗಿರಬಹುದು. ಆದರೆ ಎಡ ಕೆಳರೆಕ್ಕೆಯೊಳಗೆ ಒಂದು ಉಕ್ಕಿನ ತಂತಿ, ಸಣ್ಣ ರಾಟೆಯ ಮೇಲೆ ಹಾದು ಹೋಗುತ್ತದೆ. ರೆಕ್ಕೆಯ ಹಿಂಬದಿಯ ಪಟ್ಟಿಯನ್ನು ಏರಿಸಿ ಇಳಿಸಿ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವುದು ಅದೇ ತಂತಿ. ರಾಟೆಗೆ ಏನಾದರೂ ಸಿಕ್ಕಿಕೊಂಡರೆ ವಾಲಿದ ವಿಮಾನ ವಾಲಿಯೇ ಇರುತ್ತದೆ.

"ಸುಳ್ಳು ಹೇಳಲ್ಲ," ಎಂದು ಆಮೇಲೊಮ್ಮೆ ಆ ಹೊತ್ತನ್ನು ನೆನೆದು ಹೇಳುತ್ತಾರೆ ಅಕ್ಕ. "ಎರಡು ನಿಮಿಷ ಸುಮ್ನೆ ಇದ್ದುಬಿಡೋಣ ಅನ್ನಿಸ್ತು. ನಾನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಷ್ಟರಲ್ಲಿ ಪೈಲಟಮ್ಮ ಒಳಗೆ ಬರುತ್ತಾರೆ. ನಲವತ್ತರ ಆಸುಪಾಸಿನ ಹೆಂಗಸು, ವಾರದ ದಿನಗಳಲ್ಲಿ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಓಡಿಸುವವರು. ಕೈಗವಸು ಹಾಕಿಕೊಳ್ಳುತ್ತಾ ನಗುತ್ತಾರೆ.

"ಏನಕ್ಕಾ, ನನ್ನ ರೆಕ್ಕೆ ಹೇಗಿದೆ?"

ಅಕ್ಕ ಬಾಯಿ ತೆರೆಯುತ್ತಾರೆ. "ಹಾರಬೇಡಮ್ಮ."

ಮುಂದಿನ ಒಂದು ಗಂಟೆ ಹ್ಯಾಂಗರಿನಲ್ಲಿ ಬರೀ ಹುಡುಕಾಟ. ಹದಿನಾಲ್ಕು ಜನ ಮಂಡಿಯೂರಿ ನೆಲವನ್ನು ಅಂಗುಲ ಅಂಗುಲ ಜಾಲಾಡುತ್ತಾರೆ. ದಾರಕ್ಕೆ ಆಯಸ್ಕಾಂತ ಕಟ್ಟಿ ಎಳೆದರೆ ಮೊಳೆ, ತಿರುಪು, ಕಬ್ಬಿಣದ ಪುಡಿ ಎಲ್ಲ ಬರುತ್ತವೆ, ಸೂಜಿ ಬರುವುದಿಲ್ಲ. ಕಸದ ಡಬ್ಬಿ ಹಾಳೆಯ ಮೇಲೆ ಸುರಿದದ್ದಾಯಿತು. ಆಯಸ್ಕಾಂತವನ್ನು ರೆಕ್ಕೆಯ ಮೇಲೆ ಆಡಿಸಿದರೆ ಒಳಗಿನ ತಂತಿ, ಕೀಲು ಎಲ್ಲವೂ ಎಳೆಯುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ತಪಾಸಣೆಗೆಂದು ಬಿಟ್ಟ ಸಣ್ಣ ಕಿಂಡಿಯಲ್ಲಿ ಕನ್ನಡಿ ತೂರಿಸಿದರೂ ರಾಟೆಯ ಒಂದು ಬದಿ ಮಾತ್ರ ಕಾಣುತ್ತದೆ.

ಇಬ್ಬರು ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಕುಲುಕುತ್ತಾರೆ. ಅಕ್ಕ ಬಟ್ಟೆಗೆ ಕಿವಿಯಿಟ್ಟು, ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾರೆ. ಒಳಗೆ ಎಲ್ಲೋ ಟಿಕ್ ಎಂದ ಹಾಗಾಯಿತು.

"ಇನ್ನೊಂದ್ಸಲ."

ಈ ಸಲ ಏನೂ ಇಲ್ಲ. ಮತ್ತೊಂದು ಸಲವೂ ಇಲ್ಲ.

ಗಡಿಯಾರ ಏಳೂಕಾಲು ತೋರಿಸುತ್ತಿದೆ. ಆಗಲೇ ಬಂದಿರುವ ಪರೀಕ್ಷಕರು ಕನ್ನಡಕ ತೆಗೆದು ಒರೆಸುತ್ತಾರೆ. ಮೇಸ್ತ್ರಿ ಒಳಗೆ ಹತ್ತಿ ಕೂತು ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಇಪ್ಪತ್ತು ಸಲ ಆಡಿಸುತ್ತಾರೆ. ರೆಕ್ಕೆಯ ಪಟ್ಟಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ನಯವಾಗಿ ಆಡುತ್ತದೆ.

"ನೋಡಿ, ಎಲ್ಲೂ ಹಿಡೀತಾ ಇಲ್ಲ. ಸೂಜಿ ಒಳಗೇ ಬಿದ್ದಿದೆ ಅಂತ ಏನು ಗ್ಯಾರಂಟಿ ಅಕ್ಕ? ಬರೀ ಹತ್ತು ನಿಮಿಷದ ಹಾರಾಟ." ಮೇಸ್ತ್ರಿ ಹಿಡಿಕೆಯನ್ನು ಇನ್ನೂ ಬಿಟ್ಟಿಲ್ಲ. "ಈಗ ಬಟ್ಟೆ ಕತ್ತರಿಸಿದ್ರೆ ಮೂರು ತಿಂಗಳು ಹೋಯ್ತು."

"ಹೊರಗೆ ಬಿದ್ದಿದೆ ಅಂತಾನೂ ಗ್ಯಾರಂಟಿ ಇಲ್ವಲ್ಲ ಮೇಸ್ತ್ರಿ."

"ಆರು ವರ್ಷ ಅಕ್ಕ. ಆರು ವರ್ಷ."

ಪೈಲಟಮ್ಮ ಹಾಕಿಕೊಂಡಿದ್ದ ಕೈಗವಸನ್ನು ಒಂದೊಂದೇ ಬೆರಳು ಬಿಡಿಸಿ ತೆಗೆಯುತ್ತಾರೆ. ಅಕ್ಕ ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡು ಬಂದು ರೆಕ್ಕೆಯ ಮುಂದೆ ಕೂರುತ್ತಾರೆ.

"ಬೇರೆ ಯಾರೂ ಮುಟ್ಟಬೇಡಿ. ನಾನು ಹೊಲಿದಿದ್ದು, ನಾನೇ ಬಿಚ್ತೀನಿ."

ಬಿಗಿದ ಬಟ್ಟೆಗೆ ಕತ್ತರಿ ಇಟ್ಟಾಗ ಫಟ್ಟೆಂದು ಸದ್ದಾಗುತ್ತದೆ. ಹೊರಗೆ ಕೂತವರಲ್ಲಿ ಯಾರೋ ತಿರುಗಿ ನೋಡುತ್ತಾರೆ. ತೇಪೆಯ ಅಂಚಿನಿಂದ ಮೊಳದುದ್ದ ಸೀಳಿ, ಅಕ್ಕ ತೋಳು ಮೊಣಕೈವರೆಗೆ ಒಳಗೆ ಹಾಕುತ್ತಾರೆ. ಮರದ ಪಕ್ಕೆಲುಬನ್ನು ದಾಟಿ, ತಂತಿಯನ್ನು ಹಿಡಿದು, ಅದರ ಜಾಡಿನಲ್ಲೇ ಬೆರಳು ಸರಿಸುತ್ತಾ ಹೋಗುತ್ತಾರೆ. ಕಣ್ಣು ಮುಚ್ಚಿದ್ದಾರೆ.

"ಟಾರ್ಚ್ ಕೊಡಿ."

ಸೂಜಿ ಅಲ್ಲಿದೆ. ರಾಟೆಯ ಹಿಂಬದಿಯ ಗ್ರೀಸಿಗೆ ಅಂಟಿಕೊಂಡು, ತಂತಿಗೂ ಗಾಲಿಗೂ ನಡುವಿನ ಸಂದಿಗೆ ಮೂತಿಯಿಟ್ಟು ಕೂತಿದೆ. ಇನ್ನೊಂದು ಅರ್ಧ ಬೆರಳಗಲ ಸರಿದಿದ್ದರೆ ಕಚ್ಚಿಕೊಳ್ಳುತ್ತಿತ್ತು. ದಾರ ಇನ್ನೂ ಸೂಜಿಯ ಕಣ್ಣಿನಲ್ಲೇ ಇದೆ. ಪರೀಕ್ಷಕರು ಬಗ್ಗಿ ನೋಡುತ್ತಾರೆ, ಆಮೇಲೆ ಪೈಲಟಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೇಸ್ತ್ರಿ ಕೈಯಲ್ಲಿದ್ದ ಒರೆಸುಬಟ್ಟೆಯನ್ನು ನೆಲಕ್ಕೆಸೆದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆಯುತ್ತಾರೆ.

ಬಂದ ಜನ ಚಹಾ ಕುಡಿದು ಹೊರಡುತ್ತಾರೆ. ಹತ್ತು ಗಂಟೆಗೆ, ಹೇಳಿದ ಹಾಗೇ ಗಾಳಿ ಏಳುತ್ತದೆ.

ಮರುದಿನ ಅಕ್ಕ ಹ್ಯಾಂಗರಿಗೆ ಹೋಗುವುದಿಲ್ಲ. ಅದರ ಮರುದಿನವೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಮತ್ತೆ ಜೋಡಿಸುತ್ತಾರೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. ಶಾಲೆಯಲ್ಲಿ ಪಾಠ ಹೇಳುವ ಮಗಳು ಸಂಜೆ ಬಂದು, "ಅಮ್ಮಾ, ಸಿಕ್ತಲ್ಲ, ಇನ್ಯಾಕೆ ಕೊರಗ್ತೀಯ?" ಎನ್ನುತ್ತಾಳೆ. "ನಿಂಗೆ ಗೊತ್ತಾಗಲ್ಲ ಬಿಡು" ಎಂದಷ್ಟೇ ಅಕ್ಕನ ಉತ್ತರ. ಗಂಡ ಮಾತ್ರ ತಮಾಷೆ ಬಿಟ್ಟು, ಪೇಪರಿನ ಹಿಂದೆ ಮುಖ ಅಡಗಿಸಿಕೊಂಡು ಕೂತಿದ್ದಾರೆ. ನನ್ನ ಉಬ್ಬಸದಿಂದಲೇ ಇಷ್ಟೆಲ್ಲ ಆಯಿತು ಎಂಬ ಹಳಹಳಿ ಅವರಿಗೆ.

ನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿ ಬಾಗಿಲು ತಟ್ಟುತ್ತಾರೆ. ಇಸ್ತ್ರಿ ಅಂಗಿ ಇಲ್ಲ, ಎಂದಿನ ಗ್ರೀಸು ಮೆತ್ತಿದ ಅಂಗಿ. ಕುರ್ಚಿ ತೋರಿಸಿದರೂ ಕೂರುವುದಿಲ್ಲ.

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಸ್ತ್ರಿ," ಅಕ್ಕನೇ ಮೊದಲು ಹೇಳುತ್ತಾರೆ. "ಎಣಿಸಿ ಎಣಿಸಿ ಅಂತ ಊರಿಗೆಲ್ಲ ಹೇಳಿ ನಾನೇ ಎಣಿಸಲಿಲ್ಲ. ಇನ್ಮೇಲೆ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಮೇಸ್ತ್ರಿ ನಲವತ್ತೈದು ವರ್ಷ ಹೆಂಡತಿಗೂ ಹೇಳದ ಸಂಗತಿಯೊಂದನ್ನು ಅಲ್ಲೇ ನಿಂತುಕೊಂಡು ಹೇಳುತ್ತಾರೆ.

"ಆಗ ನಂಗೆ ಇಪ್ಪತ್ತಾರು ವರ್ಷ. ಒಂದಿನ ನನ್ನ ಪೆಟ್ಟಿಗೇಲಿ ಸಣ್ಣ ಸ್ಪ್ಯಾನರೊಂದು ಕಡಿಮೆ ಬಂತು. ವಿಮಾನ ಹೊರಡೋಕೆ ಹತ್ತು ನಿಮಿಷ ಇತ್ತು. ಬೈಸ್ಕೋಬೇಕಾಗುತ್ತೆ ಅಂತ ಬಾಯಿ ಬಿಡಲಿಲ್ಲ. ಅದು ಹೋಗಿ ಬರೋವರೆಗೆ, ಒಂದು ಗಂಟೆ ನಲವತ್ತು ನಿಮಿಷ, ಹೇಗಿದ್ದೆ ಅಂತ ಕೇಳಬೇಡಿ. ಬಂತು, ಏನೂ ಆಗಲಿಲ್ಲ. ಸ್ಪ್ಯಾನರ್ ಎಲ್ಲಿ ಹೋಯ್ತೋ ಇವತ್ತಿಗೂ ಗೊತ್ತಿಲ್ಲ. ಈಗಲೂ ಎಲ್ಲಾದ್ರೂ ವಿಮಾನ ಬಿತ್ತು ಅಂತ ಸುದ್ದಿ ಬಂದ್ರೆ ನನ್ನ ಎದೆ ಧಸಕ್ ಅನ್ನುತ್ತೆ. ಮೊನ್ನೆ ನಾನು ಸಿಟ್ಟು ಮಾಡ್ಕೊಂಡಿದ್ದು ನಿಮ್ಮ ಮೇಲೆ ಅಲ್ಲ. ನೀವು ಹೇಳಿದ್ರಿ, ನಾನು ಹೇಳಿರಲಿಲ್ಲ."

ಒಳಗಿನ ಕೋಣೆಯಲ್ಲಿ ಪೇಪರು ಮಡಚುವ ಸದ್ದಾಗುತ್ತದೆ. "ಏ, ಹೋಗಿ ಬಾರೇ," ಎನ್ನುತ್ತಾರೆ ಗಂಡ. "ನನ್ನ ಪಂಪ್ ಎಲ್ಲಿದೆ ಅಂತ ಬರೆದಿಟ್ಟು ಹೋಗು, ಅಷ್ಟು ಸಾಕು."

ಅಕ್ಕ ಎದ್ದು ಏಪ್ರನ್ ಕಟ್ಟಿಕೊಳ್ಳುತ್ತಾರೆ.

ಸೀಳಿದ ಜಾಗಕ್ಕಷ್ಟೇ ತೇಪೆ ಹಾಕಿದ್ದರೆ ಸಾಕಿತ್ತು, ಪರೀಕ್ಷಕರೂ ಅದನ್ನೇ ಹೇಳಿದರು. ಅಕ್ಕ ಒಪ್ಪಲಿಲ್ಲ. ತೇಪೆಯ ಮೇಲೆ ತೇಪೆ ಅವರಿಗೆ ಆಗದು. ರೆಕ್ಕೆಯನ್ನು ಕಳಚಿ, ಬಟ್ಟೆಯನ್ನು ಪೂರ್ತಿ ಸುಲಿದು, ಪಕ್ಕೆಲುಬುಗಳ ನಡುವೆ ಬ್ರಷ್ ಆಡಿಸಿ, ಹೊಸ ಬಟ್ಟೆ ಹೊದಿಸಿದರು. ನಾನೂರ ಮೂವತ್ತಾರು ಹೊಲಿಗೆ, ಮತ್ತೆ ಮೊದಲಿನಿಂದ. ಆಚೆ ಬದಿಯಲ್ಲಿ ಮೇಸ್ತ್ರಿ. ಎರಡನೇ ವಾರದವರೆಗೆ ಇಬ್ಬರ ನಡುವೆ "ಬಂತು", "ಹೋಯ್ತು" ಬಿಟ್ಟು ಬೇರೆ ಮಾತಿಲ್ಲ. ಮೂರನೇ ವಾರ ದಬ್ಬಣ ಮತ್ತೆ ಮೇಸ್ತ್ರಿಯ ಹೆಬ್ಬೆರಳಿಗೆ ನಾಟಿತು. "ಬೇಕಂತಲೇ ಚುಚ್ತೀರಾ?" ಎಂದು ಅವರು ಕೂಗಿದಾಗ ಇಡೀ ಹ್ಯಾಂಗರ್ ನಕ್ಕಿತು. ಈಗ ಸಂಜೆ ಎಣಿಕೆಯನ್ನು ಒಬ್ಬರ ಹತಾರ ಇನ್ನೊಬ್ಬರು ಮಾಡುತ್ತಾರೆ. ಅಕ್ಕನ ಸೂಜಿಗಳನ್ನು ಎಣಿಸುವುದು ಪೈಲಟಮ್ಮ.

ರನ್‌ವೇ ತೆರೆದ ಮೊದಲ ಶನಿವಾರ. ಈ ಸಲ ಕುರ್ಚಿಗಳಿಲ್ಲ, ಅತಿಥಿಗಳಿಲ್ಲ, ಗುಂಪಿನವರಷ್ಟೇ. ಪೈಲಟಮ್ಮ ಹತ್ತುವ ಮುಂಚೆ ಕೆಳರೆಕ್ಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳುತ್ತಾರೆ. ಅಕ್ಕನತ್ತ ನೋಡುತ್ತಾರೆ, ಅಕ್ಕ ತಲೆಯಾಡಿಸುತ್ತಾರೆ. ಮೇಸ್ತ್ರಿ ಪ್ರೊಪೆಲ್ಲರನ್ನು ಕೈಯಲ್ಲಿ ಹಿಡಿದು ಜೋರಾಗಿ ತಿರುಗಿಸುತ್ತಾರೆ. ಎಂಜಿನ್ ಒಂದು ಸಲ ಕೆಮ್ಮುತ್ತದೆ. ಎರಡನೇ ಸಲಕ್ಕೆ ನೀಲಿ ಹೊಗೆಯುಗುಳಿ ಹೊತ್ತಿಕೊಳ್ಳುತ್ತದೆ. ಹ್ಯಾಂಗರಿನ ತಗಡುಗಳು ಗಡಗಡ ನಡುಗುತ್ತವೆ. ವಿಮಾನ ಹುಲ್ಲಿನಂಚನ್ನು ದಾಟಿ, ತಿರುಗಿ, ಒಂದು ಕ್ಷಣ ನಿಂತು, ಓಡತೊಡಗುತ್ತದೆ. ಬಾಲ ಏಳುತ್ತದೆ. ಚಕ್ರ ಒಮ್ಮೆ ನೆಲಕ್ಕೆ ಬಡಿದು ಪುಟಿಯುತ್ತದೆ. ಮತ್ತೆ ಬಡಿಯುತ್ತದೆ. ಆಮೇಲೆ ಬಡಿಯುವುದಿಲ್ಲ.

ಹನ್ನೆರಡು ನಿಮಿಷ. ಮರಗಳ ಆಚೆ ಎಡಕ್ಕೆ ವಾಲಿದಾಗ ಮೇಸ್ತ್ರಿ ತುದಿಗಾಲಲ್ಲಿ ನಿಲ್ಲುತ್ತಾರೆ. ವಾಲಿದ್ದು ನೇರವಾಗುತ್ತದೆ. ಇನ್ನೊಮ್ಮೆ ವಾಲುತ್ತದೆ, ಮತ್ತೆ ನೇರವಾಗುತ್ತದೆ. ಇಳಿದು ಬಂದು ಎಂಜಿನ್ ಆರಿಸಿದಾಗ ಮೇಸ್ತ್ರಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಪೈಲಟಮ್ಮ ಕೆಳಗಿಳಿದು ಎಲ್ಲರನ್ನೂ ಬಿಟ್ಟು ಮೊದಲು ಅಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಹೂವಿನ ಹಾಗಿದೆ ಅಕ್ಕ. ಒಂದು ಬೆರಳಲ್ಲಿ ವಾಲುತ್ತೆ."

ಅಕ್ಕ ಕೈ ಬಿಡಿಸಿಕೊಂಡು ಎಡ ಕೆಳರೆಕ್ಕೆಯ ಹತ್ತಿರ ಹೋಗಿ, ಹೊಲಿಗೆಯ ಸಾಲಿನ ಮೇಲೆ ಅಂಗೈ ಆಡಿಸುತ್ತಾರೆ. ಒಂದೂ ಮಿಸುಕಿಲ್ಲ.

ಮಧ್ಯಾಹ್ನ ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾಯುತ್ತಿದ್ದಾರೆ.

"ಹಾರ್ತಾ?"

"ಹಾರ್ತು."

"ಹೇಗೆ ಏರ್ತು? ಹೇಳೇ ಸರಿಯಾಗಿ!"

ಅಕ್ಕ ಚಪ್ಪಲಿ ಬಿಡುತ್ತಾ ಸ್ವಲ್ಪ ನಾಚುತ್ತಾರೆ. ಏರುವ ಹೊತ್ತಿಗೆ ಅವರು ಹ್ಯಾಂಗರಿನ ಗೋಡೆಗೆ ಹಣೆಯಾನಿಸಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು. ಚಕ್ರ ಮತ್ತೆ ನೆಲ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಈ ಕಡೆ ತಿರುಗಿದ್ದು.

"ಇಳಿದಿದ್ದು ನೋಡ್ದೆ ಕಣ್ರೀ," ಎನ್ನುತ್ತಾರೆ. "ಮುಂದಿನ ಸಲ ಏರೋದನ್ನೂ ಕಣ್ಣು ಬಿಟ್ಕೊಂಡು ನೋಡಬೇಕು ಅಂತಿದೀನಿ."